ಬರುವುದನ್ನಷ್ಟೇ ಎಸೆ

ರಾಜ್ಯ ತಂಡಕ್ಕೆ ಆಡುವ ಆಸೆ ಹೊತ್ತವನು ನಾನು. ಬೆಂಗಳೂರಿನ ಲೀಗ್ ಪಂದ್ಯಗಳನ್ನು ದಾಟಲಿಲ್ಲ. ಅದಕ್ಕಿಂತ ದೊಡ್ಡ ಸೋಲು ಕೋಚ್ ಆದ ಮೇಲಿನದು. ವೇಗದ ಬೌಲಿಂಗ್ ಹುಟ್ಟಿನಿಂದಲೇ ಬಂದಂತಿದ್ದ ಒಬ್ಬ ಹುಡುಗ ನನ್ನ ಕೈಗೆ ಸಿಕ್ಕ. ಅವನ ರನ್‌ಅಪ್ ಬದಲಿಸಿದೆ, ಮಣಿಕಟ್ಟು ತಿದ್ದಿದೆ, ಸ್ವಿಂಗ್ ಕಲಿ ಎಂದೆ, ಯಾರ್ಕರ್ ಕಲಿ ಎಂದೆ. ನನಗೆ ದಕ್ಕದೆ ಹೋದದ್ದೆಲ್ಲ ಅವನಿಗೆ ದಕ್ಕಲೇಬೇಕೆಂಬ ಹಟ. ಅವನ ವೇಗವೂ ಹೋಯಿತು, ಕೊನೆಗೆ ಅವನೂ ಬರುವುದನ್ನು ಬಿಟ್ಟ.

ಬೇಸ್‌ಬಾಲ್ ಮ್ಯಾನೇಜರ್ ಅರ್ಲ್ ವೀವರ್‌ನ ಬಗ್ಗೆ ಓದಿದ್ದು ಆಮೇಲೆ. ಅಮೆರಿಕದ ಸೇಂಟ್ ಲೂಯಿಸ್‌ನವನು. 1948ರಲ್ಲಿ ತವರೂರಿನ ಕಾರ್ಡಿನಲ್ಸ್ ತಂಡ ಅವನನ್ನು ಬೇಸ್‌ಬಾಲ್‌ಗೆ ಸೇರಿಸಿಕೊಂಡಿತು. ಕುಳ್ಳಗಿನ ಆಳು, ಆಡುತ್ತಿದ್ದದ್ದು ಸೆಕೆಂಡ್ ಬೇಸ್‌ನಲ್ಲಿ. 1952ರಲ್ಲಿ ಮುಖ್ಯ ತಂಡದ ತಾಲೀಮು ಶಿಬಿರದವರೆಗೆ ಹೋದ. ಮ್ಯಾನೇಜರ್ ಎಡ್ಡಿ ಸ್ಟ್ಯಾಂಕಿಯೇ ಆ ಜಾಗದ ಆಟಗಾರ. ವೀವರ್‌ಗೆ ಜಾಗ ಸಿಗಲಿಲ್ಲ, ಕೆಳಹಂತದ ಮೈನರ್ ಲೀಗ್‌ಗೆ ಮರಳಿದ. ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. 1956ರಲ್ಲಿ, ನಾಕ್ಸ್‌ವಿಲ್‌ನಲ್ಲಿ ಆಡುತ್ತಿದ್ದಾಗಲೇ ಮ್ಯಾನೇಜರ್ ಆದ. ಮುಂದಿನ ವರ್ಷದಿಂದ ಬಾಲ್ಟಿಮೋರ್ ಓರಿಯೋಲ್ಸ್‌ನ ಕೆಳಹಂತದ ತಂಡಗಳೊಂದಿಗೆ ಊರೂರು ಸುತ್ತಿದ.

1962ರಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್‌ಮೈರಾದಲ್ಲಿ ಅವನಿಗೆ ಸ್ಟೀವ್ ಡಾಲ್ಕೋವ್ಸ್ಕಿ ಎಂಬ ಪಿಚರ್ ಸಿಕ್ಕ. ಅಷ್ಟು ವೇಗವಾಗಿ ಚೆಂಡೆಸೆದವರನ್ನು ಕಂಡೇ ಇಲ್ಲ ಎನ್ನುವವರು ಬಹಳ ಮಂದಿ. ಆದರೆ ಗುರಿಯೇ ಇಲ್ಲ. 1960ರಲ್ಲಿ 262 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದವನು, ಅಷ್ಟೇ, ಸರಿಯಾಗಿ 262 ವಾಕ್ ಬಿಟ್ಟುಕೊಟ್ಟಿದ್ದ. ಅಂದರೆ ಅಷ್ಟು ಸಲ ಎದುರಾಳಿಗಳು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದು ಹೋಗಿದ್ದರು. ಅವನನ್ನು ತಿದ್ದಲು ಕೋಚ್‌ಗಳು ಮಾಡದ ಪ್ರಯೋಗವಿಲ್ಲ. ವೀವರ್ ಹೊಸದೇನನ್ನೂ ಕಲಿಸಲಿಲ್ಲ, ಇದ್ದದ್ದನ್ನು ಕಡಿಮೆ ಮಾಡಿದ. ಫಾಸ್ಟ್‌ಬಾಲ್, ಸ್ಲೈಡರ್, ಎರಡೇ ಎಸೆತ ಸಾಕು ಎಂದ. ಫಾಸ್ಟ್‌ಬಾಲನ್ನು ನಟ್ಟನಡುವೆ ಎಸೆ. ಆ ಸೀಸನ್‌ನ 160 ಇನ್ನಿಂಗ್ಸ್‌ಗಳಲ್ಲಿ ವಾಕ್‌ಗಳು 114ಕ್ಕೆ ಇಳಿದವು.

ಇದನ್ನು ಓದಿ ಬಹಳ ಹೊತ್ತು ಕೂತಿದ್ದೆ. ವೀವರ್, ನಾನು, ಇಬ್ಬರೂ ಆಟಗಾರರಾಗಿ ಸೋತವರೇ. ತನ್ನಿಂದ ಏನಾಗದು ಎಂಬುದನ್ನು ಅವನು ಎಳೆವಯಸ್ಸಿನಲ್ಲೇ ಒಪ್ಪಿಕೊಂಡಿದ್ದ, ಹಾಗಾಗಿ ಎದುರಿಗಿದ್ದವನನ್ನು ಇದ್ದಂತೆಯೇ ನೋಡಬಲ್ಲವನಾದ ಎಂದು ನನಗನ್ನಿಸುತ್ತದೆ. ನಾನು ಒಪ್ಪಿಕೊಂಡಿರಲಿಲ್ಲ. ಆ ಹುಡುಗನ ತೋಳಿನಲ್ಲಿ ನನ್ನದೇ ಕಳೆದುಹೋದ ಆಟವನ್ನು ಹುಡುಕುತ್ತಿದ್ದೆ.

ಮರುವರ್ಷದ ತಾಲೀಮು ಪಂದ್ಯದಲ್ಲಿ ಡಾಲ್ಕೋವ್ಸ್ಕಿಯ ಮೊಣಕೈಗೆ ಪೆಟ್ಟಾಯಿತು. ಅವನೂ ಮೇಜರ್ ಲೀಗ್ ಮುಟ್ಟಲಿಲ್ಲ. ಮ್ಯಾನೇಜರ್ ಎಷ್ಟೇ ಒಳ್ಳೆಯವನಾದರೂ ಎಲ್ಲವೂ ಅವನ ಕೈಯಲ್ಲಿಲ್ಲ. ವೀವರ್ ಮಾತ್ರ 1968ರಲ್ಲಿ ಓರಿಯೋಲ್ಸ್‌ನ ಮ್ಯಾನೇಜರ್ ಆದ, 1970ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ.

ಈಗ ಹೊಸಬರು ನೆಟ್ಸ್‌ಗೆ ಬಂದರೆ ಮೊದಮೊದಲು ಸುಮ್ಮನೆ ಬೌಲ್ ಮಾಡಲು ಬಿಡುತ್ತೇನೆ. ಫೀಸು ಕಟ್ಟಿದ ಅಪ್ಪಂದಿರು ತಡೆಯಲಾರದೆ, “ಏನ್ ಸಾರ್, ಏನೂ ಹೇಳ್ಕೊಡ್ತಾನೇ ಇಲ್ವಲ್ಲ?” ಎನ್ನುತ್ತಾರೆ. “ಇನ್ನೂ ನೋಡ್ತಿದ್ದೀನಿ, ಸ್ವಲ್ಪ ದಿನ ಕೊಡಿ” ಎನ್ನುತ್ತೇನೆ.