ಬಿಳಿಗಿರಿರಂಗನ ಬೆಟ್ಟ ಹತ್ತುವಾಗ ಬಿಗಿದ ಬೆಲ್ಟು

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ 1986ರದ್ದು. ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದಕ್ಕೆ ಒಂದೇ ಸೀಟು. ಬೆಲ್ಟ್ ಮಾತ್ರ ಇರಲಿಲ್ಲ. ನಮ್ಮಲ್ಲಿ ಹೊಸ ಕಾರುಗಳ ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾದದ್ದೇ 1994ರಲ್ಲಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮದ್ದೂರಿನ ಹತ್ತಿರ ನಾಯಿ ಅಡ್ಡ ಬಂತು ಅಂತ ಅಪ್ಪ ಬ್ರೇಕ್ ಒತ್ತಿದ್ದರು. ಅಮ್ಮನ ಹಣೆ ಡ್ಯಾಶ್‌ಬೋರ್ಡಿಗೆ ಬಡಿದು ಐದು ಹೊಲಿಗೆ ಬಿತ್ತು. ಅವತ್ತಿನಿಂದ ಅಮ್ಮ ಆ ಕಾರಿನಲ್ಲಿ ಮುಂದೆ ಕೂತಿದ್ದೇ ಇಲ್ಲ.

ಅಮ್ಮನದು ರಂಗನಾಥನಿಗೆ ಒಂದು ಹರಕೆ ಬಾಕಿಯಿತ್ತು. ಅಪ್ಪನಿಗೆ ತಮ್ಮ ಪದ್ಮಿನಿಯಲ್ಲೇ ಹೋಗುವ ಆಸೆ. ಸರಿ ಅಂತ ಹಳೇ ಕಾರುಗಳಿಗೆಂದೇ ಹಳೇ ಮಾದರಿಯಲ್ಲಿ ಹೊಸದಾಗಿ ಮಾಡಿದ ಬೆಲ್ಟುಗಳನ್ನು ಆನ್‌ಲೈನಲ್ಲಿ ತರಿಸಿದೆ. ಬೆಂಗಳೂರಿನ ಒಂದು ಅಂಗಡಿಯವರು ಕೂರಿಸಿಕೊಟ್ಟರು. ಹೊಳೆಯುವ ಬಕಲ್ ನೋಡಿ ಅಮ್ಮ ಒಪ್ಪಿ ಮುಂದೆ ಕೂತರು.

ಕೊಳ್ಳೇಗಾಲದ ಮೇಲೆ ಯಳಂದೂರಿನವರೆಗೂ ಏನೂ ತೊಂದರೆಯಿಲ್ಲ. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಏರು ಶುರುವಾದ ಮೇಲೆ ಅಮ್ಮನ ಬೆಲ್ಟು ಬಿಗಿಯತೊಡಗಿತು. ಒಂದೊಂದು ಕುಲುಕಿಗೂ ಸ್ವಲ್ಪ ಒಳಗೆ ಎಳೆದುಕೊಳ್ಳುವುದು, ಆಮೇಲೆ ವಾಪಸ್ ಬಿಡದೇ ಇರುವುದು. ಎರಡು ತಿರುವು ಆಗುವಷ್ಟರಲ್ಲಿ ಅಮ್ಮ ಸೀಟಿಗೆ ಒರಗಿ ಕಟ್ಟಿಹಾಕಿದಂತಾಗಿದ್ದರು. 2011ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ. ಕಾಡಿನ ನಡುವೆ ಗಾಡಿ ನಿಲ್ಲಿಸಿ ರಿಪೇರಿಗೆ ಕೂರುವ ಹಾಗಿಲ್ಲ. "ಉಸಿರು ಕಟ್ತದೆ ಕಣೋ, ಬಿಚ್ಚಿಬಿಡ್ತೀನಿ" ಅಂದವರೇ ಬಿಚ್ಚಿದರು. ಎಡಗೈ ಬಾಗಿಲ ಹಿಡಿಯ ಮೇಲೆ, ಬಲಗೈ ಹಣೆಯ ಹತ್ತಿರ. ದೇವಸ್ಥಾನದವರೆಗೆ ಅಪ್ಪ ಒಂದು ಮಾತೂ ಆಡಲಿಲ್ಲ.

ಮೇಲೆ ಮಾತ್ರ ಎಲ್ಲ ಮರೆಯುವಂತಿತ್ತು. ಬಿಳಿ ಬಂಡೆಯ ಅಂಚಿನಲ್ಲಿ ದೇವಸ್ಥಾನ, ಕೆಳಗೆ ಮಂಜು, ಬೀಸುಗಾಳಿ. ಸೋಲಿಗರಿಗೆ ಈ ರಂಗನಾಥ ಭಾವ, ಅವರ ಮನೆ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ಕಾಡೆಲ್ಲ ಅಲೆಯುವ ದೇವರಿಗೆ ದೊಡ್ಡ ಚರ್ಮದ ಚಪ್ಪಲಿ ಒಪ್ಪಿಸುತ್ತಾರೆ, ಅದರಿಂದ ತಲೆಗೆ ಮುಟ್ಟಿಸಿಕೊಳ್ಳುವುದೇ ಆಶೀರ್ವಾದ. ಅಮ್ಮ ಎರಡು ಸಲ ಮುಟ್ಟಿಸಿಕೊಂಡರು.

ನಾನು ಮತ್ತು ಅಪ್ಪ ಕಾರಿನ ಹತ್ತಿರ ಉಳಿದೆವು. ಬೆಲ್ಟಿನ ಸುರುಳಿ ಇರುವ ಡಬ್ಬಿಯೊಳಗೆ ಒಂದು ಪುಟ್ಟ ಬಟ್ಟಲು, ಅದರಲ್ಲಿ ಉಕ್ಕಿನ ಗುಂಡು. ಗಾಡಿ ಗಕ್ಕನೆ ನಿಂತರೆ ಗುಂಡು ಉರುಳಿ ಲಾಕ್ ಬೀಳುತ್ತದೆ. ಆದರೆ ಡಬ್ಬಿಯೇ ಓರೆಯಾದರೂ ಗುಂಡು ಉರುಳುತ್ತದೆ! 12 ಡಿಗ್ರಿವರೆಗಿನ ಓರೆಗೆ ಲಾಕ್ ಆಗಬಾರದು, 27 ದಾಟಿದರೆ ಆಗಲೇಬೇಕು ಅನ್ನುತ್ತದೆ ವಿಶ್ವಸಂಸ್ಥೆಯ ವಾಹನ ನಿಯಮ. ಫೋನಿನ ಮಟ್ಟಗೋಲು ಆ್ಯಪ್ ತೆಗೆದು ಬಾಗಿಲ ಹೊಸ್ತಿಲ ಮೇಲಿಟ್ಟೆ: 3 ಡಿಗ್ರಿ. ಡಬ್ಬಿಗೆ ಆನಿಸಿಟ್ಟೆ: 14. ಅಂದರೆ ಕೂರಿಸುವಾಗಲೇ ಹಿಂದಕ್ಕೆ 11 ಡಿಗ್ರಿ ವಾಲಿಸಿ ಕೂರಿಸಿದ್ದಾರೆ. ಹನ್ನೆರಡು ಅಡಿಗೆ ಒಂದಡಿ ಏರುವ ರಸ್ತೆಯೇ ಸುಮಾರು 5 ಡಿಗ್ರಿ. ಬೆಂಗಳೂರಿನ ಸಮ ರಸ್ತೆಯಲ್ಲಿ ಇದು ಗೊತ್ತಾಗುವುದೇ ಇಲ್ಲ, ಬೆಟ್ಟವೇ ಹೇಳಬೇಕು. ಡಬ್ಬಿ ತಿರುಗದಂತೆ ಹಿಡಿಯಬೇಕಾದ ನಾಲಿಗೆ ಈ ನಕಲು ಮಾದರಿಯಲ್ಲಿ ಇರಲೇ ಇಲ್ಲ.

ಪಕ್ಕದ ಜೀಪಿನವರಿಂದ ಸ್ಪ್ಯಾನರ್ ಇಸಕೊಂಡು ಬೋಲ್ಟ್ ಬಿಚ್ಚಿದೆವು. ಆಗ ಸಿಕ್ಕಿದ್ದು ನಿಜವಾದ ಗಾಬರಿ. ಬೆಲ್ಟಿಗೆ ಹಾಕಬೇಕಾದದ್ದು 7/16 ಇಂಚಿನ ಗಟ್ಟಿ ಬೋಲ್ಟು. ಇಲ್ಲಿದ್ದದ್ದು ಸಾಧಾರಣ 8 ಎಂ.ಎಂ. ಬೋಲ್ಟು, ತೆಳ್ಳನೆ ತಗಡು, ನಾಣ್ಯದಷ್ಟು ವಾಷರು. ಜೋರಾಗಿ ಗುದ್ದಿದರೆ ಅಮ್ಮನ ಜೊತೆ ಬೆಲ್ಟೂ ಕಿತ್ತುಕೊಂಡು ಬರುತ್ತಿತ್ತು. ಬೆಟ್ಟ ಇಳಿಯುವಾಗ ಓರೆ ತಾನಾಗಿ ಸರಿಹೋಗಿ ಬೆಲ್ಟು ಸಲೀಸಾಗಿ ಬಿಡುತ್ತಿತ್ತು, ನಾವು ಮರೆತೂಬಿಡುತ್ತಿದ್ದೆವು. ಬಿಗಿದದ್ದೇ ಒಳ್ಳೇದಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಡಬ್ಬಿಯನ್ನು ನೇರ ಮಾಡಿ ಬಿಗಿದು, ಎರಡನೇ ಗೇರಿನಲ್ಲೇ ನಿಧಾನಕ್ಕೆ ಇಳಿದೆವು. ಯಳಂದೂರಿನಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಸಿಕ್ಕರು. ಗುಜರಿ ಕಾರಿನ ಬೆಲ್ಟ್ ಹಾಕಿಬಿಡಲಾ ಅಂತ ಕೇಳಿದರು. ಅಪ್ಪ ಬೇಡ ಅಂದರು. ಒಂದು ಸಲ ಅಪಘಾತದ ಪೆಟ್ಟು ತಡೆದ ಬೆಲ್ಟನ್ನು ಮತ್ತೆ ಬಳಸಬಾರದು, ಗುಜರಿಯದ್ದು ಏನು ಕಂಡಿದೆಯೋ ಯಾರಿಗೆ ಗೊತ್ತು! ಮೆಕ್ಯಾನಿಕ್ ಬೆಲ್ಟು ಪೂರ್ತಿ ಹೊರಗೆ ತೆಗೆದಿಟ್ಟು (ವೆಲ್ಡಿಂಗ್ ಶಾಖ ತಗುಲಿದರೆ ಪಟ್ಟಿಯೇ ಹಾಳು), 3 ಎಂ.ಎಂ. ದಪ್ಪದ ಪ್ಲೇಟು ಕತ್ತರಿಸಿ, ಕಂಬದ ಬುಡಕ್ಕೆ ವೆಲ್ಡ್ ಮಾಡಿ, ಸರಿಯಾದ ಬೋಲ್ಟು ತರಿಸಿ ಹಾಕಿದರು. ನಾಲಿಗೆಯ ಬದಲು ಒಂದು ಸಣ್ಣ ತಡೆಯನ್ನೂ ಕೂರಿಸಿದರು. ಉಳಿದ ಬೋಲ್ಟುಗಳದೂ, ಅಪ್ಪನ ಕಡೆಯದೂ ಅದೇ ಕಥೆ. ಅರ್ಧ ದಿನ, 1,800 ರೂಪಾಯಿ. ಡಬ್ಬಿಯ ಮುಚ್ಚಳ ಮಾತ್ರ ತೆಗೆಯಲಿಲ್ಲ. ಒಳಗಿನ ಸ್ಪ್ರಿಂಗು ಹಾರಿದರೆ ಮತ್ತೆ ಕೂರಿಸುವುದು ನಮ್ಮ ಕೈಲಾಗದ ಮಾತು, ಹಾಳಾದರೆ ಬದಲಿಸುವುದೇ ಸರಿ.

ಹಳೇ ಕಾರಿಗೆ ಬೆಲ್ಟ್ ಹಾಕಿಸಿದವರು ನಿಧಾನಕ್ಕೆ ಒಮ್ಮೆ, ಫಟ್ಟನೆ ಒಮ್ಮೆ ಎಳೆದು ನೋಡಿ. ನಿಧಾನಕ್ಕೆ ಬರಬೇಕು, ಫಟ್ಟನೆ ಎಳೆದರೆ ಹಿಡಿಯಬೇಕು. ಆಮೇಲೆ ಬೋಲ್ಟಿನ ಹಿಂದೆ ಏನಿದೆ ಅಂತಲೂ ಕೇಳಿ.

ಅಷ್ಟರಲ್ಲಿ ಅಮ್ಮ ಗೌರೀಶ್ವರ ದೇವಸ್ಥಾನದ ಬಳೇಮಂಟಪ ನೋಡಿಕೊಂಡು ಬಂದರು. ಒಂದೇ ಕಲ್ಲಿನಲ್ಲಿ ಕಡೆದ ಸರಪಳಿಯ ಬಗ್ಗೆ ಅಪ್ಪನಿಗೆ ಹೇಳುತ್ತಲೇ ಮುಂದಿನ ಬಾಗಿಲು ತೆಗೆದು ಕೂತು, ಬೆಲ್ಟನ್ನು ತಾವೇ ಎರಡು ಸಲ ಫಟ್ಟನೆ ಎಳೆದು ನೋಡಿ, ಬಕಲ್ ಹಾಕಿಕೊಂಡರು. "ನಡೀರಿ, ಕೊಳ್ಳೇಗಾಲದಲ್ಲಿ ಕಾಫಿ ಕುಡಿಯೋಣ" ಅಂದರು.