ಕಾರಿನ ಕೆಂಪು ದೀಪ

ಒಗ್ಗರಣೆ ಸೌಟು ಹಿಡಿಯುವವಳಿಗೆ ಕಾರಿನ ಬ್ರೇಕಿನ ಉಸಾಬರಿ ಯಾಕೆ ಎಂದು ನೀವು ಮೂಗಿನ ಮೇಲೆ ಬೆರಳಿಡಬಹುದು. ಮೊನ್ನೆ ಮೊನ್ನೆಯವರೆಗೆ ನಾನೂ ಹಾಗೇ ಅಂದುಕೊಂಡಿದ್ದವಳು.

ನಮ್ಮದು ಭದ್ರಾವತಿ. ನಿವೃತ್ತಿಯಾದ ಮೇಲೆ ಯಜಮಾನರು ಯಾರೋ ಆರು ವರ್ಷ ಓಡಿಸಿದ್ದ ಒಂದು ಚಿಕ್ಕ ಕಾರನ್ನು ಕೊಂಡರು. ತಂದ ದಿನ ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಆರತಿ ಎತ್ತಿದೆ. ಅಲ್ಲಿಗೆ ನನ್ನ ಪಾಲಿನ ಕೆಲಸ ಮುಗಿಯಿತು. ಕಾರು ಅವರದು, ಹಿಂದಿನ ಸೀಟು ನಮ್ಮತ್ತೆಯವರದು, ಪಕ್ಕದ ಸೀಟು ಮತ್ತು ಮೌನ ನನ್ನದು.

ಒಂದು ದಿನ ದೇವಸ್ಥಾನದಿಂದ ಬರುವಾಗ ತಿರುವಿನಲ್ಲಿ ಸ್ಟೀರಿಂಗಿನ ಹಿಂದೆ ಕೆಂಪು ದೀಪವೊಂದು ಮಿಣಕ್ ಎಂದು ಹತ್ತಿ ಆರಿತು. ದುಂಡನೆಯ ಗೆರೆ, ಒಳಗೆ ಶಾಲೆಯಲ್ಲಿ ಬರೆಯುತ್ತಿದ್ದ ಆಶ್ಚರ್ಯಸೂಚಕ ಚಿಹ್ನೆ. "ರೀ, ಅದೇನೋ ಕೆಂಪಗೆ ಹತ್ತಿತಲ್ಲ" ಅಂದೆ. "ಎಲ್ಲೋ ವೈರು ಸಡಿಲ ಆಗಿರಬೇಕು. ಎಲ್ಲದಕ್ಕೂ ಗಾಬರಿ ಮಾಡ್ಬೇಡ ಕಣೇ" ಅಂದರು. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಅದೇ ದೀಪ ಹತ್ತುತ್ತದಂತೆ. ಅದನ್ನು ನೋಡಿದರು, ಇಳಿದೇ ಇತ್ತು. ನಾನು ಸುಮ್ಮನಾದೆ.

ಸೋದರಿಯರೇ, ಈ ಸುಮ್ಮನಾಗುವ ವಿದ್ಯೆ ನಮಗೆ ಎಷ್ಟು ಚೆನ್ನಾಗಿ ಕರಗತವಾಗಿದೆ ನೋಡಿ! ಮೂರು ವಾರ, ಪ್ರತಿ ತಿರುವಿನಲ್ಲೂ ಆ ದೀಪ ಮಿಣಕುತ್ತಿತ್ತು. ಪ್ರತಿ ಸಲವೂ ನೋಡಿದೆ, ಪ್ರತಿ ಸಲವೂ ಕಿಟಕಿಯ ಕಡೆ ಮುಖ ತಿರುಗಿಸಿದೆ. ಮಾತಿಗೆ ಮಾತು ಬೆಳೆದು ಸಂಜೆ ಹಾಳಾಗುವುದು ಬೇಡ ಎಂಬುದೊಂದೇ ನನ್ನ ಲೆಕ್ಕ.

ಅಷ್ಟರಲ್ಲಿ ಉಡುಪಿಯಲ್ಲಿರುವ ನನ್ನ ತಂಗಿಯ ಮೊಮ್ಮಗುವಿನ ನಾಮಕರಣ ಬಂತು. ತೀರ್ಥಹಳ್ಳಿಯ ಮೇಲೆ ಹೋಗಿ ಆಗುಂಬೆ ಘಾಟಿ ಇಳಿಯುವುದೆಂದು ನಿಶ್ಚಯವಾಯಿತು. ಹೊರಡುವ ಹಿಂದಿನ ದಿನ ನೆರೆಮನೆಯವರು ಬಾನೆಟ್ ಎತ್ತಿ ನೋಡಿ, "ಬ್ರೇಕ್ ಆಯಿಲ್ ಕಡಿಮೆ ಆಗಿದೆ, ಅಷ್ಟೇ" ಅಂದರು. ಯಜಮಾನರು ಡಬ್ಬಿ ತಂದು ಮೇಲಿನ ಗೆರೆಯವರೆಗೂ ಸುರಿದರು. ದೀಪ ಹತ್ತುವುದು ನಿಂತಿತು. "ನೋಡಿದ್ಯಾ?" ಎಂದು ನನ್ನತ್ತ ಗೆದ್ದವರ ನಗೆ ನಕ್ಕರು. ನನಗೂ ಸಮಾಧಾನವಾಯಿತು.

ಮರುದಿನ ಬೆಳಗಿನ ಜಾವ ಹೊರಟೆವು. ಶಿವಮೊಗ್ಗ ದಾಟಿದ ಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಕೀಂಚ್ ಎಂದು ಸದ್ದು. ಸ್ಲೇಟಿನ ಮೇಲೆ ಬಳಪ ಅಡ್ಡಡ್ಡ ಎಳೆದರೆ ಹಲ್ಲು ಜುಮ್ಮೆನ್ನುತ್ತದಲ್ಲ, ಹಾಗೆ. ಯಜಮಾನರು ರೇಡಿಯೋ ಜೋರು ಮಾಡಿದರು. ಹಿಂದಿನಿಂದ ಅತ್ತೆ, "ಕಬ್ಬಿಣಕ್ಕೆ ಕಬ್ಬಿಣ ತಾಗೋ ಸದ್ದು ಕಣೋ ಅದು. ನಂಗೆ ಕಣ್ಣು ಮಂಜು, ಕಿವಿ ಸರಿಯಾಗಿದೆ" ಅಂದರು.

ಅತ್ತೆಯ ಆ ಒಂದು ಮಾತಿಗೆ ನನ್ನ ಮೂರು ವಾರದ ಮೌನ ಒಡೆಯಿತು. "ತೀರ್ಥಹಳ್ಳಿಯಲ್ಲಿ ಯಾರಿಗಾದರೂ ತೋರಿಸೋಣ. ಇಲ್ಲದಿದ್ರೆ ನಾನೂ ಅತ್ತೆಯೂ ಬಸ್ಸು ಹತ್ತುತ್ತೇವೆ" ಅಂದುಬಿಟ್ಟೆ. ಯಜಮಾನರ ಮುಖ ಊದಿಕೊಂಡಿತು. ಆದರೂ ಒಂದು ಸಣ್ಣ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದರು.

ಅಲ್ಲಿದ್ದವನು ನಮ್ಮ ಕಿರಿಮಗನ ವಯಸ್ಸಿನ ಹುಡುಗ. ಮುಂದಿನ ಚಕ್ರ ಬಿಚ್ಚಿ, ಒಂದು ತುಂಡನ್ನು ಹೊರಗೆ ತೆಗೆದು ನನ್ನ ಕೈಯಲ್ಲೇ ಇಟ್ಟ. "ನೋಡಿ ಅಮ್ಮಾ, ಇದು ಬ್ರೇಕ್ ಪ್ಯಾಡು. ಹೊಸದರಲ್ಲಿ ಈ ಕಪ್ಪು ಭಾಗ 10 ಮಿಲಿಮೀಟರ್ ಆಸುಪಾಸು ಇರುತ್ತೆ. 3 ಮಿಲಿಮೀಟರಿಗೆ ಇಳಿದ್ರೆ ಬದಲಾಯಿಸಬೇಕು." ನನ್ನ ಕೈಯಲ್ಲಿದ್ದದ್ದು ರೂಪಾಯಿ ನಾಣ್ಯದಷ್ಟು ತೆಳು. ಕೀಂಚ್ ಎನ್ನುತ್ತಿದ್ದದ್ದು ಅದಕ್ಕೆ ಅಂಟಿಸಿದ ಪುಟ್ಟ ತಗಡಿನ ನಾಲಿಗೆ. ಪ್ಯಾಡು ಸವೆದಾಗ ಅದು ತಿರುಗುವ ಡಿಸ್ಕಿಗೆ ತಾಗಿ ಕಿರುಚಲೆಂದೇ ಇಟ್ಟಿರುತ್ತಾರಂತೆ. ಕುಕ್ಕರಿನ ಸೀಟಿಯ ಹಾಗೆ!

"ಹಾಗಾದ್ರೆ ಆ ದೀಪ ಏನಪ್ಪಾ?" ಎಂದು ಕೇಳಿದೆ. ಅವನು ಬಿಡಿಸಿ ಹೇಳಿದ. ಪ್ಯಾಡು ಸವೆದಷ್ಟೂ ಅದನ್ನು ಒತ್ತುವ ಪಿಸ್ಟನ್ ಮುಂದೆ ಬರುತ್ತದೆ. ಅದರ ಹಿಂದೆ ಉಂಟಾದ ಜಾಗ ತುಂಬಲು ಆಯಿಲ್ ಕೆಳಗೆ ಹೋಗುತ್ತದೆ, ಮೇಲಿನ ಡಬ್ಬಿಯಲ್ಲಿ ಕಡಿಮೆಯಾಗುತ್ತದೆ. ಡಬ್ಬಿಯೊಳಗೆ ನಮ್ಮ ನೀರಿನ ಟ್ಯಾಂಕಿನ ಚೆಂಡಿನಂಥ ಒಂದು ತೇಲುವ ಬಿಲ್ಲೆ. ಅದು ಕೆಳಗಿಳಿದರೆ ದೀಪ ಹತ್ತುತ್ತದೆ. ಮಟ್ಟ ಅಂಚಿನಲ್ಲಿದ್ದಾಗ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ವಾಲುವುದರಿಂದ ಮಿಣಕ್ ಎಂದು ಆರುತ್ತದೆ. ಎಲ್ಲೋ ಸೋರಿದರೂ ಇದೇ ದೀಪ ಹತ್ತುತ್ತದಂತೆ. "ನೀವು ಆಯಿಲ್ ಸುರಿದು ದೀಪದ ಬಾಯಿ ಮುಚ್ಚಿಸಿದ್ರಿ ಸಾರ್, ಪ್ಯಾಡು ಸವೆಯೋದು ನಿಲ್ಲಲಿಲ್ಲ" ಅಂದ. ಹೊಸ ಪ್ಯಾಡು ಕೂರಿಸಲು ಪಿಸ್ಟನ್ ಹಿಂದೆ ತಳ್ಳಿದಾಗ, ಸುರಿದ ಆಯಿಲ್ ಉಕ್ಕಿ ಬರದಂತೆ ಅವನು ಮೊದಲೇ ಅಷ್ಟನ್ನು ಹೀರಿ ತೆಗೆದ. ಅದು ಬಿದ್ದರೆ ಬಣ್ಣವನ್ನೇ ಕಿತ್ತುಹಾಕುತ್ತದಂತೆ.

ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡು ಹಾಕಿದ. ಒಂದೇ ಕಡೆ ಬದಲಾಯಿಸಿದರೆ ಬ್ರೇಕ್ ಹಿಡಿದಾಗ ಕಾರು ಪಕ್ಕಕ್ಕೆ ಎಳೆಯಬಹುದಂತೆ. ಊರೊಳಗೆ ನಾಲ್ಕು ಸುತ್ತು ಓಡಿಸಿ, ನಿಲ್ಲಿಸಿ ನಿಲ್ಲಿಸಿ ನೋಡಿದ. "ಹೊಸ ಪ್ಯಾಡು ಕೂತ್ಕೊಳ್ಳೋವರೆಗೂ ಸಾವಕಾಶ ಹೋಗಿ. ಘಾಟಿ ಹತ್ತುವಾಗ ಯಾವ ಗೇರೋ ಇಳಿಯುವಾಗ್ಲೂ ಅದೇ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿದ್ರೆ ಕಾದು ಹಿಡಿತ ಬಿಡುತ್ತೆ" ಎಂದು ಬುದ್ಧಿ ಹೇಳಿ ಕಳಿಸಿದ.

ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹಿಮ್ಮುರಿ ತಿರುವು. ಯಜಮಾನರು ಎರಡನೇ ಗೇರಿನಲ್ಲಿ ಬಸುರಿಯನ್ನು ಕರೆದೊಯ್ಯುವ ಹಾಗೆ ಇಳಿಸಿದರು. ಯಾರೂ ಮಾತಾಡಲಿಲ್ಲ. ಪ್ರತಿ ತಿರುವಿನಲ್ಲೂ ಕೆಳಗಿನ ಕಾಡು ನೋಡಿ, ಆ ನಾಣ್ಯದಷ್ಟು ತೆಳುವಾದ ತುಂಡು ನನ್ನ ಅಂಗೈಯಲ್ಲಿ ಇನ್ನೂ ಇದೆಯೇನೋ ಅನ್ನಿಸುತ್ತಿತ್ತು. ಅತ್ತೆ ಬಾಯಿ ಬಿಡದಿದ್ದರೆ ನಾನೂ ಬಿಡುತ್ತಿರಲಿಲ್ಲ. ತಪ್ಪು ಯಜಮಾನರದೊಂದೇ ಅಲ್ಲ.

ಊರಿಗೆ ಬಂದ ಮೇಲೆ ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ಓದಿದೆ, ಒಂದಿಷ್ಟು ನನ್ನ ಅಡುಗೆ ಟಿಪ್ಪಣಿ ಪುಸ್ತಕದಲ್ಲೇ ಬರೆದಿಟ್ಟುಕೊಂಡೆ. ಕೀಲಿ ತಿರುಗಿಸಿದಾಗ ದೀಪಗಳೆಲ್ಲ ಒಮ್ಮೆ ಹತ್ತಿ ಆರಬೇಕು, ಆಗ ಹತ್ತದ ದೀಪವೂ ಕೆಟ್ಟಿದೆ ಎಂದೇ ಅರ್ಥ. ಓಡುವಾಗ ಕೆಂಪು ದೀಪ ಹತ್ತೇ ಇದ್ದರೆ, ಅಥವಾ ಬ್ರೇಕಿನ ಪೆಡಲ್ ಮೆತ್ತಗೆ ಒಳಗೆ ಹೋದರೆ, ಪಕ್ಕಕ್ಕೆ ನಿಲ್ಲಿಸಿ, ತೋರಿಸದೆ ಮುಂದೆ ಹೋಗಬಾರದು. ಕೆಲವು ಕಾರುಗಳಲ್ಲಿ ಪ್ಯಾಡಿನೊಳಗೇ ಸಣ್ಣ ತಂತಿ ಇರುತ್ತದೆ. ಪ್ಯಾಡು ಸವೆದು ಅದು ಡಿಸ್ಕಿಗೆ ತಾಗಿದಾಗ ಬೇರೆಯೇ ದೀಪ ಹತ್ತುತ್ತದೆ: ಸಾಮಾನ್ಯವಾಗಿ ಹಳದಿ, ದುಂಡು ಗೆರೆಯ ಎರಡೂ ಬದಿಗೆ ತುಂಡು ತುಂಡು ಗೆರೆ. ನಮ್ಮದರಂಥ ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ಅದಿಲ್ಲ, ಕಿವಿಯನ್ನೇ ನಂಬಬೇಕು.

ನಾಮಕರಣಕ್ಕೆ ಎರಡು ಗಂಟೆ ತಡವಾಯಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳಿಯಾಗಿತ್ತು, ಪಾಯಸ ಆರಿತ್ತು. ಪರವಾಗಿಲ್ಲ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದನ್ನೇ ಎರಡು ಲೋಟ ಕುಡಿದೆ.

ಈಗ ಕೀಲಿ ತಿರುಗಿಸುವಾಗ ಯಜಮಾನರೇ ಕೇಳುತ್ತಾರೆ, "ದೀಪ ಎಲ್ಲಾ ಆರಿದ್ವೇನೇ?" ನಾನು ಬಗ್ಗಿ ನೋಡಿ "ಹೂಂ" ಎಂದ ಮೇಲೆಯೇ ನಮ್ಮ ಕಾರು ಗೇಟು ದಾಟುವುದು.