ನಾಲ್ಕು ಸ್ವರಗಳು

ಚಲಚ್ಚಿತ್ರದ ಸಂಗೀತವೆಂದೊಡನೆ ಹಾಡುಗಳನ್ನು ನೆನೆಯುವುದೇ ನಮ್ಮಲ್ಲಿ ವಾಡಿಕೆ. ಹಾಡಿಲ್ಲದೆಡೆಯಲ್ಲಿ ನುಡಿಯುವ ವಾದ್ಯಕ್ಕೆ ಕಿವಿಗೊಡುವವರು ವಿರಳ. ಆದರೆ ಪಾತ್ರದ ಅಂತರಂಗವು ತೆರೆಯುವುದು ಹಲವು ವೇಳೆ ಅಲ್ಲಿಯೇ ಎಂದು ನಾವು ಬಗೆದಿದ್ದೇವೆ.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಚಿತ್ರವನ್ನು ನೋಡಿದಾಗ ನಮಗೆ ಬಂಗಾಳಿ ಭಾಷೆ ತಿಳಿದಿರಲಿಲ್ಲ. ಬಹುದಿನಗಳ ಮೇಲೆ ಊರಿಗೆ ಮರಳಿದ ಹರಿಹರನು, ಮಗಳು ದುರ್ಗೆ ತೀರಿಹೋದುದನ್ನರಿಯದೆ, ಅವಳಿಗೆಂದು ತಂದ ಸೀರೆಯನ್ನು ಹೆಂಡತಿಗೆ ತೋರಿಸುತ್ತಾನೆ. ಸರ್ವಜಯೆ ಕುಸಿದು ಗೋಳಿಡುತ್ತಾಳೆ. ಆದರೆ ಅವಳ ದನಿ ಕೇಳಿಸುವುದಿಲ್ಲ. ಅದರ ಸ್ಥಾನದಲ್ಲಿ ತಾರ್ ಶೆಹನಾಯಿಯು ಮೇಲಣ ಸ್ಥಾಯಿಯಲ್ಲಿ ಪಟದೀಪ ರಾಗವನ್ನು ಮಿಡಿಯುತ್ತದೆ. ಸಂಗೀತ ರವಿಶಂಕರರದು, ನುಡಿಸಿದವರು ದಕ್ಷಿಣಾಮೋಹನ ಠಾಕೂರರು. ಭಾಷೆಯರಿಯದ ನಮಗೆ ಆ ತಾಯಿಯನ್ನು ಅರಿಯಲು ಬೇರೆ ನುಡಿ ಬೇಕಾಗಲಿಲ್ಲ.

ಐದು ವರ್ಷಗಳ ತರುವಾಯ ಅಮೆರಿಕದಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ‘ಸೈಕೋ’ (1960) ಚಿತ್ರವನ್ನು ತೆಗೆದರು. ಬರ್ನಾರ್ಡ್ ಹರ್ಮನ್ ಅದಕ್ಕೆ ತಂತಿವಾದ್ಯಗಳಿಂದಲೇ ಸಂಗೀತವನ್ನು ರಚಿಸಿದರು. 40,000 ಡಾಲರುಗಳನ್ನು ಕದ್ದ ಮೇರಿಯನ್ ಒಬ್ಬಳೇ ಕಾರನ್ನು ನಡೆಸುತ್ತಿರುವಾಗ, ಚಿತ್ರದ ಮೊದಲಲ್ಲಿ ಕೇಳಿದ ಸಂಗೀತವೇ ಮರಳಿ ಬರುತ್ತದೆ. ಅದರ ಜೀವಾಳವು ಏಕಕಾಲದಲ್ಲಿ ನುಡಿಯುವ ಸ್ವರಗಳ ಗುಂಪು. ಪಾಶ್ಚಾತ್ಯರು ಕಾರ್ಡ್ ಎನ್ನುವುದು ಇಂಥ ಕೂಟವನ್ನೇ. ಷಡ್ಜ, ಕೋಮಲ ಗಾಂಧಾರ, ಪಂಚಮ, ಶುದ್ಧ ನಿಷಾದ – ಇವು ಆ ಗುಂಪಿನ ಸ್ವರಗಳು.

ಸೋಜಿಗವೆಂದರೆ, ಈ ನಾಲ್ಕೂ ಪಟದೀಪದಲ್ಲಿಯೂ ಉಂಟು! ನಾವು ಶಾಲೆಯ ಪೇಟಿಯ ಮೇಲೆ ಇವನ್ನು ಒಂದಾದ ಮೇಲೊಂದರಂತೆ ನುಡಿಸಿ ನೋಡಿದೆವು. ನಿಷಾದವು ಷಡ್ಜವನ್ನು ಹಂಬಲಿಸುತ್ತ ಹೋಗಿ ಕೊನೆಗೆ ಅದನ್ನು ಸೇರಿತು. ಬಳಿಕ ನಾಲ್ಕನ್ನೂ ಒಮ್ಮೆಗೇ ಒತ್ತಿದೆವು. ಈಗ ಅದೇ ನಿಷಾದವು ಷಡ್ಜದೊಡನೆ ನಿಂತೂ ಅದನ್ನು ಸೇರಲಾರದೆ ಘರ್ಷಿಸಿತು. ಸ್ವರಗಳು ಅವೇ, ಹರಿದುದರಿಂದ ಒಂದೆಡೆ ಶೋಕವಾದವು, ಹರಿಯಲು ದಾರಿಯಿಲ್ಲದೆ ಇನ್ನೊಂದೆಡೆ ತಳಮಳವಾದವು. ಸರ್ವಜಯೆಯ ಅಳಲು ಹೊರಬಿದ್ದಿತು. ಮೇರಿಯನ್ನಳ ಅಪರಾಧವು ಒಳಗೇ ಉಳಿಯಿತು. ರಾಗವು ಪಾತ್ರವು ಆಡಿದುದನ್ನು ಹೇಳಿದರೆ, ಸ್ವರಕೂಟವು ಅದು ಅಡಗಿಸಿದುದನ್ನು ಹೇಳುತ್ತದೆ.

ಚಿಕ್ಕ ಮಕ್ಕಳ ನಡುವೆ ದಿನ ಕಳೆಯುವ ನಮಗೆ ಇದು ಬರಿಯ ಸಂಗೀತದ ಮಾತಾಗಿ ಉಳಿದಿಲ್ಲ. ಮನೆಯಲ್ಲಿ ಸಾವುನೋವು ಕಂಡು ಬಂದ ಮಗು ಬಿಕ್ಕಿ ಅತ್ತರೆ ಅದರ ದುಃಖಕ್ಕೆ ದಾರಿ ದೊರೆಯಿತೆಂದು ತಿಳಿಯಬಹುದು. ಕೇಳಿದ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರವಿತ್ತು ಸುಮ್ಮನೆ ಕುಳಿತ ಮಗುವಿನೊಳಗೆ ಎಷ್ಟು ಸ್ವರಗಳು ಒಮ್ಮೆಗೇ ಒತ್ತಿಕೊಂಡಿವೆಯೋ, ಬಲ್ಲವರಾರು? ಈಚೆಗೆ ನಾವು ಅಂತಹ ಮಗುವಿನ ಬಳಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇವೆ.